ಹಡಗಿಗೆ ಹೆಸರಿಡುವವರು

ನಮ್ಮ ಮೈಸೂರಿಗೆ ಸಮುದ್ರವಿಲ್ಲ. ನೀರು ನೋಡಬೇಕೆನಿಸಿದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಿ ಬರುತ್ತೇವೆ, ಅಷ್ಟೆ. ಆದರೂ ನಮ್ಮೂರಿನ ಹೆಸರು ಹೊತ್ತ ಯುದ್ಧದ ಹಡಗೊಂದಿದೆ. 163 ಮೀಟರ್ ಉದ್ದದ ಡೆಸ್ಟ್ರಾಯರ್. ಅದರ ಲಾಂಛನದಲ್ಲಿ ನಮ್ಮ ಅರಮನೆಯ ಗಂಡಭೇರುಂಡ! ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ತಮ್ಮನ ಮಗಳು. ಡಿಗ್ರಿ ಮುಗಿಸಿ ನೌಕಾಪಡೆಗೆ ಅರ್ಜಿ ಹಾಕಿದ್ದಾಳೆ. ತಮ್ಮ ಒಪ್ಪುತ್ತಿಲ್ಲ. "ಅತ್ತೆ, ನೀವಾದರೂ ಅಪ್ಪನಿಗೆ ಹೇಳಿ" ಎಂದು ಗೋಗರೆದು, ಪೇಪರಿನ ಚೂರುಗಳ ಒಂದು ಕಟ್ಟನ್ನೇ ತಂದು ನನ್ನ ಮುಂದಿಟ್ಟಳು.

ಓದುತ್ತ ಹೋದ ಹಾಗೆ ನನಗೇ ರುಚಿ ಹತ್ತಿತು. ಕಟ್ಟಲು ಶುರುಮಾಡಿದಾಗ ಹಡಗನ್ನು ಹಡಗುಕಟ್ಟೆಯವರು ಕರೆಯುವುದು ಬರೀ ಒಂದು ನಂಬರಿನಿಂದ. ಈಗಿನ 'ಇಂಫಾಲ' ಮುಂಬಯಿಯ ಮಜಗಾಂವ್ ಡಾಕಿನಲ್ಲಿ 12706 ಆಗಿತ್ತಂತೆ. ನೀರಿಗಿಳಿಸುವ ದಿನ ಹೆಸರು. ಆ ಹೆಸರಿಡುವವರು ಯಾರು ಅಂತೀರಿ? ಹೆಂಗಸರು! ಸಾಮಾನ್ಯವಾಗಿ ದೊಡ್ಡ ಅಧಿಕಾರಿಯದೋ ಮಂತ್ರಿಯದೋ ಹೆಂಡತಿ. ಅಥರ್ವವೇದದ ಮಂತ್ರ ಹೇಳಿ, ತೆಂಗಿನಕಾಯಿ ಒಡೆದು, ಹಡಗನ್ನು ಹರಸುತ್ತಾರೆ. ಬೇರೆ ದೇಶಗಳಲ್ಲಿ ಷಾಂಪೇನ್ ಬಾಟಲಿ ಒಡೆಯುತ್ತಾರೆ. ನಮ್ಮ ಕಾಯಿಯೇ ವಾಸಿ, ಗಾಜಿನ ಚೂರು ಗುಡಿಸುವ ಕೆಲಸವಾದರೂ ಇಲ್ಲ.

ನೀರಿಗಿಳಿದ ಮೇಲೂ ಅದು ಅರ್ಧ ಮನೆಯೇ. ನಮ್ಮ 'ಮೈಸೂರ್' 1991ರಲ್ಲಿ ಅಡಿಪಾಯ ಕಂಡು, 1993ರಲ್ಲಿ ನೀರಿಗಿಳಿದು, ನೌಕಾಪಡೆಗೆ ಸೇರಿದ್ದು 1999ರಲ್ಲಿ. ಆರು ವರ್ಷ ಒಳಗಿನ ಕೆಲಸ! ಗೃಹಪ್ರವೇಶ ಮುಗಿದ ಮೇಲೂ ವರ್ಷಗಟ್ಟಲೆ ಗಾರೆಯವರನ್ನೂ ಬಡಗಿಯನ್ನೂ ಸಾಕಿದ ಹೆಂಗಸರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸೋವಿಯತ್ ಒಕ್ಕೂಟ ಒಡೆದು ಹೋದದ್ದರಿಂದ ಅಲ್ಲಿನ ಸಾಮಾನು ಬರುವುದು ತಡವಾದದ್ದೂ ಇತ್ತು.

ಇದಕ್ಕೆ ಮೊದಲು ಇನ್ನೊಂದು 'ಮೈಸೂರ್' ಇತ್ತು. ಬ್ರಿಟಿಷರ 'ನೈಜೀರಿಯಾ' ಎಂಬ ಕ್ರೂಸರ್ ಹಡಗನ್ನು ಕೊಂಡು, 1957ರಲ್ಲಿ ಆ ಹೆಸರು ಕೊಟ್ಟು ಪಡೆಗೆ ಸೇರಿಸಿಕೊಂಡರು. ಓದಿದಾಗ ಅಮ್ಮ ನೆನಪಾದಳು. ತವರಿನ ಸುಬ್ಬಲಕ್ಷ್ಮಿ, ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಸಿ ಶಾರದೆಯಾದಳು. ಸೋದರಮಾವಂದಿರು ಮಾತ್ರ ಕೊನೆಯವರೆಗೂ "ಸುಬ್ಬೂ" ಅಂತಲೇ ಕರೆದರು. ಹಳೆಯ ಹಡಗು 1985ರಲ್ಲಿ ನಿವೃತ್ತಿಯಾದ ಮೇಲೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಇಟ್ಟಂತೆ, ಹೊಸದಕ್ಕೂ ಅದೇ ಹೆಸರು. 2014ರಲ್ಲಿ ಊರು ಇಂಗ್ಲಿಷಿನಲ್ಲೂ 'ಮೈಸೂರು' ಆಯಿತು. ಹಡಗು 'ಮೈಸೂರ್' ಆಗಿಯೇ ಉಳಿಯಿತು. 2008ರಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿದು ಹಾಕಿದ್ದೂ ಇದೇ.

ನನಗೆ ಕಸಿವಿಸಿಯಾದದ್ದು ಬೇರೆ ವಿಷಯಕ್ಕೆ. ಹೆಸರಿಟ್ಟು ಹರಸುವ ಹೆಂಗಸು ಕಾಯಿ ಒಡೆದು ದಡದಲ್ಲೇ ಉಳಿಯುತ್ತಿದ್ದಳು. 1992ರಿಂದ ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ಶುರುಮಾಡಿದರೂ ಅವರ ಕೆಲಸವೆಲ್ಲ ಬಹುಮಟ್ಟಿಗೆ ನೆಲದ ಮೇಲೆಯೇ. ಯುದ್ಧನೌಕೆಯೊಂದರ ಮುಖ್ಯಸ್ಥಳಾಗಿ ಮಹಿಳೆಯೊಬ್ಬಳು ನೇಮಕವಾಗಲು 2023 ಬರಬೇಕಾಯಿತು. ತೊಟ್ಟಿಲು ಕಟ್ಟಿ ಹೆಸರು ಕೂಗಿದವಳನ್ನು ಮನೆಯೊಳಗೇ ಬಿಡದಿದ್ದರೆ ಹೇಗಿರುತ್ತದೆ, ನೀವೇ ಹೇಳಿ.

ಅಂದು ರಾತ್ರಿ ಊಟಕ್ಕೆ ಕೂತಾಗ ಇಷ್ಟನ್ನೂ ತಮ್ಮನಿಗೆ ಒಪ್ಪಿಸಿದೆ. ಅವನು ಸಾರು ಕಲಸುತ್ತಲೇ ಇದ್ದ. ಬಾಗಿಲ ಹಿಂದೆ ಹುಡುಗಿಯ ನೆರಳು. ಬಹಳ ಹೊತ್ತಾದ ಮೇಲೆ ತಲೆಯೆತ್ತದೆ ಕೇಳಿದ:

"ಅಲ್ಲಕ್ಕಾ, ಅಷ್ಟು ಜನ ಗಂಡಸರ ಮಧ್ಯೆ ಮಲಗೋದೆಲ್ಲಿ?"

"2023ರಲ್ಲಿ ಪಡೆಗೆ ಸೇರಿದ ಇಂಫಾಲದಲ್ಲಿ ಹೆಂಗಸರಿಗೆ ಬೇರೆ ಜಾಗ ಇಟ್ಟೇ ಕಟ್ಟಿದ್ದಾರಂತೆ ಕಣೋ" ಅಂದೆ.

"ಹೂಂ" ಅಂದ. ಆಮೇಲೆ, "ಮೆಡಿಕಲ್ ಟೆಸ್ಟು ಯಾವಾಗಂತೆ?"