ಬಟನ್ ನೋಡಿದರೆ ಟೈರಿನ ವಯಸ್ಸು ಗೊತ್ತಾಗಲ್ಲ

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದರೆ ನಾವು ಹಳ್ಳಿಯವರು ಮಾಡುವುದು ಇಷ್ಟೇ. ಬಾನೆಟ್ ಎತ್ತುತ್ತೇವೆ, ಎಂಜಿನ್ ಶಬ್ದ ಕೇಳುತ್ತೇವೆ, ಮೀಟರ್ ನೋಡುತ್ತೇವೆ. ಕೊನೆಗೆ ಟೈರಿಗೊಂದು ಒದೆ ಕೊಟ್ಟು, ಬಟನ್ ಕಂಡರೆ "ಟೈರ್ ಚಲೋ ಅದಾವ" ಅಂತೇವೆ. ಆದರೆ ಬಟನ್ ಹೇಳುವುದು ಟೈರ್ ಎಷ್ಟು ಸವೆದಿದೆ ಅನ್ನುವುದನ್ನು ಮಾತ್ರ. ಅದಕ್ಕೆ ಎಷ್ಟು ವಯಸ್ಸಾಗಿದೆ ಅನ್ನುವುದನ್ನಲ್ಲ.

2022ರಲ್ಲಿ ನಮ್ಮ ಮನೆಗೊಂದು ಹಳೇ ಕಾರು ತರುವ ಮಾತು ಬಂತು. ಅವ್ವನನ್ನು ತಿಂಗಳಿಗೆ ಎರಡು ಸಲ ಕುಷ್ಟಗಿಯಿಂದ ಬಾಗಲಕೋಟೆಗೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸಿನಲ್ಲಿ ಆಕೆಗೆ ಕೂರಲು ಆಗುತ್ತಿರಲಿಲ್ಲ. ಹುಬ್ಬಳ್ಳಿಯ ದಲ್ಲಾಳಿಯೊಬ್ಬರು 2013ರ ಕಾರು ತೋರಿಸಿದರು. ಒಬ್ಬರೇ ಮಾಲೀಕರು, ಓಡಿದ್ದು ಬರೀ 28 ಸಾವಿರ ಕಿಲೋಮೀಟರ್. ಟೈರುಗಳಿಗೆ ಪಾಲಿಶ್ ಹೊಡೆದು ಕರ್ರಗೆ ಮಿಂಚುವಂತೆ ಮಾಡಿದ್ದರು. ಬಟನ್ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

ಮುಂಗಡ ಕೊಡುವ ಮೊದಲು ನಮ್ಮ ಪರಿಚಯದ ಪಂಕ್ಚರ್ ಅಂಗಡಿಯವರನ್ನು ಕರೆದುಕೊಂಡು ಹೋಗಿದ್ದೆವು. ಅವರು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಪಕ್ಕದ ಗೋಡೆಯನ್ನು ಬಟ್ಟೆಯಿಂದ ಒರೆಸಿ, "ಇದನ್ನ ಓದ್ರಿ" ಅಂದರು. ಅಲ್ಲಿದ್ದದ್ದು 1613.

ಅದೇ ಟೈರಿನ ಹುಟ್ಟಿದ ತಾರೀಖು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 1613 ಅಂದರೆ 2013ರ 16ನೇ ವಾರ, ಅಂದರೆ ಏಪ್ರಿಲ್ ತಿಂಗಳು. ಕಾರಿನ ಜೊತೆಗೇ ಬಂದ ಟೈರ್. ಒಂಬತ್ತು ವರ್ಷ ಆಗಿತ್ತು. ಬಟನ್ ನಡುವಿನ ಸಂದಿಯನ್ನು ಉಗುರಿನಿಂದ ಅಗಲಿಸಿ ತೋರಿಸಿದಾಗ, ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು ಕಂಡವು.

ಹಾಗಾದರೆ ಕಡಿಮೆ ಓಡಿದ ಗಾಡಿ ಒಳ್ಳೆಯದಲ್ಲವೇ? ಎಂಜಿನ್ನಿಗೆ ಇರಬಹುದು. ಟೈರಿನ ಲೆಕ್ಕ ಬೇರೆ. ರಬ್ಬರ್ ನಿಂತಲ್ಲೇ ಮುಪ್ಪಾಗುತ್ತದೆ. ಬಿಸಿಲು, ಸೆಕೆ, ಗಾಳಿಯಲ್ಲಿರುವ ಆಮ್ಲಜನಕ, ಓಝೋನ್ ಎಲ್ಲ ಸೇರಿ ಅದರ ಎಳೆತನ ತೆಗೆಯುತ್ತವೆ. ಇದನ್ನು ತಡೆಯಲು ಕಂಪನಿಯವರು ರಬ್ಬರಿನಲ್ಲಿ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಚಕ್ರ ಉರುಳುವಾಗ ಟೈರ್ ಮಣಿದು ಮಣಿದು ಆ ಮೇಣ ಮೇಲಕ್ಕೆ ಬಂದು ಕಾಪಾಡುತ್ತದೆ. ಗಾಡಿ ನಿಂತೇ ಇದ್ದರೆ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ಅಂಗಳದ ಬಿಸಿಲಲ್ಲಿ ನಿಂತ ಗಾಡಿಯ ಟೈರಿನ ಪಾಡು ಕೇಳಬೇಕೇ?

ಊರೊಳಗೆ 30ರ ವೇಗದಲ್ಲಿ ಓಡಾಡುವಾಗ ಇದು ಗೊತ್ತಾಗುವುದಿಲ್ಲ. ನಾಲ್ಕು ಪಥದ ಹೆದ್ದಾರಿ ಹತ್ತಿ, ಐದು ಜನ ಕೂತು, 90ರಲ್ಲಿ ಹೋದರೆ ಟೈರ್ ಒಳಗೇ ಕಾಯುತ್ತದೆ. ಹವಾ ಕಡಿಮೆ ಇದ್ದರೆ ಇನ್ನೂ ಹೆಚ್ಚು ಕಾಯುತ್ತದೆ. ಮುಪ್ಪಾದ ರಬ್ಬರ್ ಒಳಗಿನ ಉಕ್ಕಿನ ತಂತಿಯ ಪದರದಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಸಿಡಿಯುತ್ತದೆ.

ಇಂಗ್ಲೆಂಡಿನಲ್ಲಿ 2012ರಲ್ಲಿ ಹೀಗೇ ಆಯಿತು. ಸಂಗೀತೋತ್ಸವದಿಂದ ಮರಳುತ್ತಿದ್ದ ಬಸ್ಸಿನ ಮುಂದಿನ ಟೈರ್ ಸಿಡಿದು, ಬಸ್ಸು ಮರಕ್ಕೆ ಬಡಿದು ಮೂವರು ಸತ್ತರು. ಆ ಟೈರಿಗೆ 19 ವರ್ಷ ದಾಟಿತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ವರ್ಷಗಟ್ಟಲೆ ಹೋರಾಡಿದರು. 2021ರ ಫೆಬ್ರುವರಿಯಿಂದ ಅಲ್ಲಿ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ 10 ವರ್ಷ ದಾಟಿದ ಟೈರ್ ಹಾಕುವಂತಿಲ್ಲ. ನಮ್ಮ ಮೋಟಾರು ವಾಹನ ನಿಯಮದಲ್ಲಿ ಬಟನ್ನಿನ ಆಳಕ್ಕೆ ಅಳತೆ ಇದೆ. ಕಾರಿಗೆ ಕನಿಷ್ಠ 1.6 ಮಿಲಿಮೀಟರ್, ಬೈಕಿಗೆ 0.8. ವಯಸ್ಸನ್ನು ಮಾತ್ರ ನಾವೇ ನೋಡಿಕೊಳ್ಳಬೇಕು.

ದಲ್ಲಾಳಿ ಮೊದಲು ನಕ್ಕರು. "ಇಷ್ಟು ಬಟನ್ ಇದ್ದ ಟೈರ್ ಯಾರು ಒಗೀತಾರ?" ಅಂದರು. ಮನೆಯಲ್ಲೂ ಅಣ್ಣನದು ಅದೇ ಮಾತು. ಬಿತ್ತನೆ ಹತ್ತಿರ ಬಂದಿತ್ತು, ಬೀಜ ಗೊಬ್ಬರಕ್ಕೆ ಇಟ್ಟ ದುಡ್ಡು ಮುಟ್ಟಬೇಕಾಗುತ್ತಿತ್ತು. ಎಳೆದಾಡಿ ದಲ್ಲಾಳಿ ಹತ್ತು ಸಾವಿರ ಬಿಟ್ಟರು. ಮೇಲೆ ನಾವು ನಾಲ್ಕು ಸಾವಿರ ಹಾಕಿ ನಾಲ್ಕೂ ಟೈರ್ ಬದಲಿಸಿದೆವು. ಅವ್ವನನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ಹಳೇ ಟೈರುಗಳಿಗೆ ಮರುದಿನವೇ ಗಿರಾಕಿ ಬಂದರು. ಒಂದಕ್ಕೆ ಐನೂರು ಕೊಡುವುದಾಗಿ ಹೇಳಿದರು. ಯಾವ ಗಾಡಿಗೆ ಅಂತ ಕೇಳಿದರೆ, ಹತ್ತಿ ಬಿಡಿಸುವ ಹೆಣ್ಣಾಳುಗಳನ್ನು ಕರೆದೊಯ್ಯುವ ಗಾಡಿಗಂತೆ. ಎರಡು ಸಾವಿರ ನಮಗೆ ದೊಡ್ಡ ದುಡ್ಡೇ. ಆದರೂ ಕೊಡಲಿಲ್ಲ. ಅವು ಈಗ ನಮ್ಮ ಮೇವಿನ ಬಣವೆಗೆ ಹೊದಿಸಿದ ತಾಡಪಾಲಿನ ಮೇಲೆ ಭಾರಕ್ಕೆ ಕೂತಿವೆ.

ಈಗ ನಿಮ್ಮ ಗಾಡಿ. ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. ಹಲವು ಸಲ ಅವು ಒಂದು ಸಣ್ಣ ಮೊಟ್ಟೆಯಾಕಾರದ ಗೆರೆಯೊಳಗೆ ಇರುತ್ತವೆ. ಹೊರಬದಿಯಲ್ಲಿ ಇಲ್ಲದಿದ್ದರೆ ಒಳಬದಿಯಲ್ಲಿ ಇರುತ್ತವೆ. ಮೊಬೈಲಿನ ಟಾರ್ಚ್ ಹಾಕಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಕಾಣದಿದ್ದರೆ ಅದರ ಮೇಲೆ ಸೀಮೆಸುಣ್ಣ ಉಜ್ಜಿ. ಬರೀ ಮೂರು ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್, ಮಾತೇ ಬೇಡ. ಬೈಕಿನ ಟೈರಿಗೂ ಈ ತಾರೀಖು ಇರುತ್ತದೆ. ಸ್ಟೆಪ್ನಿಯನ್ನು ಮರೆಯಬೇಡಿ. ನೆಲಕ್ಕೇ ಮುಟ್ಟದ ಅದರ ಬಟನ್ ಹೊಸದಾಗಿಯೇ ಕಾಣುತ್ತದೆ, ವಯಸ್ಸು ಮಾತ್ರ ಗಾಡಿಯಷ್ಟೇ ಆಗಿರುತ್ತದೆ. ರಿಸೋಲ್ ಮಾಡಿಸಿದ ಟೈರಿನಲ್ಲಿ ಮೇಲಿನ ಪಟ್ಟಿ ಮಾತ್ರ ಹೊಸದು, ಒಳಗಿನ ಒಡಲು ಹಳೆಯದೇ.

ಐದು ವರ್ಷ ದಾಟಿದರೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಆರು ವರ್ಷಕ್ಕೆ ಬದಲಿಸಿ ಅನ್ನುವ ಕಾರು ಕಂಪನಿಗಳಿವೆ. ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ ತೆಗೆಯಿರಿ ಅನ್ನುತ್ತಾರೆ ದೊಡ್ಡ ಟೈರ್ ಕಂಪನಿಯವರು. ಅಂಗಡಿಯಲ್ಲಿ ಹೊಸ ಟೈರ್ ಕೊಳ್ಳುವಾಗಲೂ ರಿಮ್ಮಿಗೆ ಏರಿಸುವ ಮೊದಲೇ ಅಂಕಿ ನೋಡಿ.

ಮದುವೆಗೆ ಕ್ರೂಸರ್ ಬಾಡಿಗೆ ಹಿಡಿದಾಗ, ಮಕ್ಕಳ ಶಾಲಾ ವ್ಯಾನು ಮನೆ ಮುಂದೆ ನಿಂತಾಗ ಬಗ್ಗಿ ಒಮ್ಮೆ ಓದಿ. ಡ್ರೈವರಣ್ಣ ಸಿಟ್ಟಾದರೆ ಆಗಲಿ. ಅವರೂ ಅದೇ ಗಾಡಿಯಲ್ಲಿ ಕೂರುವವರು.