ಕತ್ತಲಿಗೆ ತಕ್ಕ ಕಣ್ಣು

ಮಮದಾಪುರಕ್ಕೂ ಸಮುದ್ರಕ್ಕೂ ನಂಟಿಲ್ಲ. ಬಬಲೇಶ್ವರ ಸೀಮೆಯ ಎರಿ ಹೊಲ, ಜೋಳ, ತೊಗರಿ. ನೀರು ಅಂದರೆ ಮುಹಮ್ಮದ್ ಆದಿಲ್‌ಶಾಹನ ಕಾಲದ ಆ ದೊಡ್ಡ ಕೆರೆ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕೆರೆಗೆ ಈಗ ಕೃಷ್ಣೆಯ ನೀರು ಏತದಿಂದ ಹತ್ತಿ ಬಂದಿದೆ. ನೀರಿನ ಹಿಂದೆ ಮೀನು ಬಂತು, ಹಕ್ಕಿ ಬಂತು, ಸಂಜೆ ದಂಡೆಯ ಮೇಲೆ ಕೂತು ಮಾತಾಡುವವರೂ ಬಂದರು. ಹಾಗೊಂದು ಸಂಜೆ ಹಿರಿಯರೊಬ್ಬರು ಮೊಮ್ಮಗನ ಮೊಬೈಲಿನಲ್ಲಿ ಕಂಡದ್ದನ್ನು ಕೇಳಿದರು.

“ಸರ, ಸಮುದ್ರದಾಗ ಹತ್ತ ಕೈಯಿನ ರಾಕ್ಷಸ ಐತಂತ. ಹಡಗನ್ನ ಹಿಡದ ಎಳಿತೈತಂತ. ಖರೇ ಏನ್ರೀ?”

“ಪ್ರಾಣಿ ಖರೇ ಐತ್ರಿ ಕಾಕಾ. ರಾಕ್ಷಸ ಅನ್ನೂದು ಸುಳ್ಳ.”

ಅಷ್ಟಕ್ಕೇ ಮುಗಿಸುವ ಪ್ರಾಣಿಯಲ್ಲ ಅದು. ಮಂಗಳೂರು, ಮಲ್ಪೆಯ ಕಡೆ ಬೊಂಡಾಸ್ ಅನ್ನುತ್ತಾರಲ್ಲ, ಅದೇ ಬಳಗದ್ದು. ಬೊಂಡಾಸಿನ ತಲೆ ಹಿಡಿದು ಎಳೆದರೆ ಕರುಳೆಲ್ಲ ತಲೆಯ ಜೊತೆಗೇ ಬಂದುಬಿಡುತ್ತದೆ. ಆಮೇಲೆ ಮೈಚೀಲದೊಳಗೆ ಬೆರಳಾಡಿಸಿದರೆ ತೆಳ್ಳನೆಯ ಪಾರದರ್ಶಕ ಪಟ್ಟಿಯೊಂದು ಸಿಗುತ್ತದೆ. ಎಲುಬಿಲ್ಲದ ಜೀವಕ್ಕೆ ಬೆನ್ನಿನ ಆಸರೆ ಅದೊಂದೇ. ಎಂಟು ತೋಳು, ಬೇಟೆಗೆಂದು ಇನ್ನೆರಡು ಉದ್ದನೆಯ ಬಾಹು, ನಡುವೆ ಗಿಳಿಯ ಕೊಕ್ಕನ್ನು ಹೋಲುವ ಬಾಯಿ. ಈ ಬಳಗದಲ್ಲೇ ಅತಿ ಭಾರದ್ದು ದಕ್ಷಿಣ ಧ್ರುವದ ಸುತ್ತಲಿನ ಕಡಲಿನ ಆಳದಲ್ಲಿದೆ. ಹೆಸರು ಕೊಲೋಸಲ್ ಸ್ಕ್ವಿಡ್. 2007ರಲ್ಲಿ ರಾಸ್ ಸಮುದ್ರದಲ್ಲಿ ನ್ಯೂಜಿಲೆಂಡಿನ ಮೀನುಗಾರರ ಗಾಳದ ಮೀನಿಗೆ ಅಂಟಿಕೊಂಡು ಮೇಲೆ ಬಂದದ್ದು ತೂಗಿದ್ದು 495 ಕೆ.ಜಿ. ಅದನ್ನು ವೆಲಿಂಗ್ಟನ್ನಿನ ಟೆ ಪಾಪಾ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.

ಅದರ ಕಣ್ಣಿನ ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯುವುದಿಲ್ಲ. ಸುಮಾರು 27 ಸೆಂ.ಮೀ. ಅಗಲದ ಕಣ್ಣು. ಅಷ್ಟು ದೊಡ್ಡ ದೇಹದ ನೀಲಿ ತಿಮಿಂಗಿಲಕ್ಕೂ ಅದರ ಅರ್ಧದಷ್ಟು ಕಣ್ಣಿಲ್ಲ. ಸೂರ್ಯನ ಬೆಳಕು 200 ಮೀಟರ್ ಇಳಿಯುವಷ್ಟರಲ್ಲಿ ಮಂಕಾಗಿ, ಸಾವಿರ ಮೀಟರಿಗೆ ಪೂರ್ತಿ ಸತ್ತುಹೋಗುತ್ತದೆ. ಅಂಥಲ್ಲಿ ಇಷ್ಟು ದೊಡ್ಡ ಕಣ್ಣು ಯಾಕೆ ಬೇಕು? 2012ರಲ್ಲಿ ಸ್ವೀಡನ್ನಿನ ಡಾನ್ ನಿಲ್ಸನ್ ಮತ್ತು ಜೊತೆಗಾರರು ಕೊಟ್ಟ ಉತ್ತರ ನನಗೆ ಸರಿಯೆನಿಸುತ್ತದೆ. ಆಳದ ನೀರಲ್ಲಿ ತಟ್ಟಿದರೆ ಮಿನುಗುವ ಸಣ್ಣ ಜೀವಿಗಳು ತುಂಬಿವೆ. ಸ್ಪರ್ಮ್ ತಿಮಿಂಗಿಲ ಬೇಟೆಗೆ ಇಳಿದಾಗ ಅದರ ಮೈ ತಗುಲಿದ ಕಡೆಯೆಲ್ಲ ಅವು ಬೆಳಗುತ್ತವೆ. ಆ ಮಸುಕು ಹೊಳಪನ್ನು ನೂರು ಮೀಟರಿಗೂ ಹೆಚ್ಚು ದೂರದಿಂದ ಗುರುತಿಸಿ ತಪ್ಪಿಸಿಕೊಳ್ಳಲು ಈ ಕಣ್ಣು. ಅಂದರೆ ಅದು ಬೇಟೆಗಾರನ ಕಣ್ಣೆನ್ನುವುದಕ್ಕಿಂತ ಅಂಜಿ ಬದುಕುವವನ ಕಣ್ಣು.

ಅಂಜಿಕೆಗೆ ಕಾರಣವೂ ಇದೆ. ಈ ಪ್ರಾಣಿ ಜಗತ್ತಿಗೆ ಗೊತ್ತಾದದ್ದೇ ತಿಮಿಂಗಿಲದ ಹೊಟ್ಟೆಯಿಂದ. ಅಲ್ಲಿ ಸಿಕ್ಕ ತೋಳಿನ ತುಂಡುಗಳನ್ನು ನೋಡಿ 1925ರಲ್ಲಿ ಗೈ ರಾಬ್ಸನ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಮಾಂಸ ಕರಗಿದರೂ ಕೊಕ್ಕು ಕರಗದೆ ಹೊಟ್ಟೆಯಲ್ಲಿ ಉಳಿಯುತ್ತದೆ. ಕರುಳನ್ನು ಚುಚ್ಚುವ ಅಂಥ ಕೊಕ್ಕುಗಳ ಸುತ್ತಲೇ ಅಂಬರ್‌ಗ್ರಿಸ್ ಕಟ್ಟಿಕೊಳ್ಳುತ್ತದೆ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ‘ತಿಮಿಂಗಿಲ ವಾಂತಿ’ ಸಾಗಿಸುತ್ತಿದ್ದವರ ಬಂಧನ ಎಂದು ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುವ ಸುದ್ದಿ ಇದೇ ವಸ್ತುವಿನದು. ಸ್ಪರ್ಮ್ ತಿಮಿಂಗಿಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಈ ವಸ್ತುವಿನ ಮಾರಾಟವೂ ಅಪರಾಧ. ಕೋಟಿಗಟ್ಟಲೆ ಬೆಲೆ ಹೇಳಿ ಆಸೆ ತೋರಿಸುವವರಿಂದ ನಮ್ಮ ಹುಡುಗರು ದೂರವಿರಲಿ.

ಮಾತು ಎಲ್ಲಿಗೋ ಹೋಯಿತು. ಮೈಯೊಳಗಿನದು ಇನ್ನೂ ಇದೆ. ಹೃದಯ ಮೂರು: ಎರಡು ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಒಂದು ಉಳಿದ ದೇಹಕ್ಕೆ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ, ಹಾಗಾಗಿ ನೀಲಿ. ಅನ್ನನಾಳ ಮೆದುಳಿನ ನಡುವೆಯೇ ತೂರಿ ಹೋಗುತ್ತದೆ. ದೊಡ್ಡ ತುತ್ತು ನುಂಗಿದರೆ ಮೆದುಳಿಗೇ ಪೆಟ್ಟು. ಅದಕ್ಕೇ ಕೊಕ್ಕು ಕತ್ತರಿಸಿದ್ದನ್ನು ಹಲ್ಲಿನ ನಾಲಿಗೆ ಇನ್ನಷ್ಟು ಸಣ್ಣ ಮಾಡಿ ಒಳಗೆ ಕಳಿಸುತ್ತದೆ. ಬಾಹುಗಳ ತುದಿಯ ಕೊಕ್ಕೆಗಳು ಸುತ್ತಲೂ ತಿರುಗಬಲ್ಲವು. ಎಷ್ಟು ಒದ್ದಾಡಿದರೂ ಹಿಡಿದ ಮೀನು ಜಾರದು. ದೇಹದೊಳಗೆ ಅಮೋನಿಯಂ ತುಂಬಿದ ದ್ರವ, ಕಡಲ ನೀರಿಗಿಂತ ಹಗುರ. ಈಜದೆಯೂ ತೇಲುತ್ತದೆ.

ಇಷ್ಟು ಭಾರದ ಪ್ರಾಣಿಯ ಹಸಿವೆಷ್ಟು? 2010ರಲ್ಲಿ ರೂಯಿ ರೋಸಾ, ಬ್ರಾಡ್ ಸೀಬೆಲ್ ಲೆಕ್ಕ ಹಾಕಿದರು: ದಿನಕ್ಕೆ ಸುಮಾರು 30 ಗ್ರಾಂ. ಐದು ಕೆ.ಜಿ.ಯ ಒಂದು ಮೀನು ಸಿಕ್ಕರೆ ತಿಂಗಳುಗಟ್ಟಲೆ ನಡೆಯುತ್ತದೆ. ಇದು ಹಡಗು ಎಳೆಯುವ ಜೀವವಲ್ಲ. ತಣ್ಣನೆಯ ಕತ್ತಲಲ್ಲಿ ಸುಮ್ಮನೆ ತೇಲುತ್ತ, ತುತ್ತು ತಾನಾಗಿ ಹತ್ತಿರ ಬರುವವರೆಗೆ ಕಾಯುವ ಜೀವ. ನಾನು ಮೆಚ್ಚುವುದು ಈ ತಾಳ್ಮೆಯನ್ನೇ.

ಹೆಸರಿಟ್ಟ ನೂರು ವರ್ಷಕ್ಕೆ, 2025ರ ಮಾರ್ಚ್ 9ರಂದು, ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ ಮೊದಲ ಬಾರಿಗೆ ಇದನ್ನು ಅದರ ಮನೆಯಲ್ಲೇ ಚಿತ್ರೀಕರಿಸಿದರು. ಆಳ ಸುಮಾರು 600 ಮೀಟರ್. ವಿಜಯಪುರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಹನ್ನೊಂದು ಸಲ ಇಟ್ಟರೂ ಮೇಲೆ ನೀರು ಉಳಿಯುತ್ತದೆ. ಕ್ಯಾಮೆರಾಕ್ಕೆ ಸಿಕ್ಕಿದ್ದು 30 ಸೆಂ.ಮೀ. ಉದ್ದದ ಮರಿ, ಮೈಯೆಲ್ಲ ಪಾರದರ್ಶಕ. ಬೆಳೆದದ್ದನ್ನು ಅಲ್ಲಿ ಯಾರೂ ಇನ್ನೂ ಚಿತ್ರೀಕರಿಸಿಲ್ಲ.

ಧರ್ಮಸ್ಥಳ, ಉಡುಪಿ ಅಂತ ನಮ್ಮ ಕಡೆಯಿಂದ ಕರಾವಳಿಗೆ ಹೋಗುವವರು ಬಹಳ. ಹೋದಾಗ ಬೆಳಿಗ್ಗೆ ಮಲ್ಪೆ ಬಂದರಿಗೂ ಮಕ್ಕಳನ್ನು ಕರೆದೊಯ್ಯಿರಿ. ಮೀನು ತಿನ್ನದ ಮನೆಯವರಾದರೂ ಚಿಂತೆಯಿಲ್ಲ, ನೋಡುವುದಕ್ಕೆ ಅಡ್ಡಿಯೇನು? ಬುಟ್ಟಿಯಲ್ಲಿ ಬೊಂಡಾಸ್ ಕಂಡರೆ ಅದರ ಕಣ್ಣು, ಕೊಕ್ಕು, ತೋಳು ತೋರಿಸಿ. ಆಳದ ಪ್ರಾಣಿಯ ಮೈಕಟ್ಟಿನ ಮೊದಲ ಪಾಠ ಅಲ್ಲೇ ಆಗುತ್ತದೆ.