ಕಕ್ಕೇರಿಯ ಪಂಕ್ತಿ

ಬೇಸಿಗೆಯ ರಜೆಯಲ್ಲಿ ಚಿಟಗುಪ್ಪದ ಹಿರಿಯ ಶರಣರೊಬ್ಬರು ಕುಟುಂಬ ಸಮೇತರಾಗಿ ಬಾಡಿಗೆಯ ಜೀಪಿನಲ್ಲಿ ಉಳವಿಗೆ ಹೊರಟರು. ಕಲ್ಯಾಣಕ್ರಾಂತಿಯ ತರುವಾಯ ಚೆನ್ನಬಸವಣ್ಣನವರು ಶರಣರನ್ನೂ ವಚನದ ಕಟ್ಟುಗಳನ್ನೂ ಕಾಪಾಡಿ ಕರೆದೊಯ್ದ ನೆಲೆಯದು. ಭರತ ಹುಣ್ಣಿಮೆಯ ಜಾತ್ರೆ ಮುಗಿದ ಮೇಲೆ ಜೋಯಿಡಾದ ಆ ಕಾಡುಬೆಟ್ಟಗಳಲ್ಲಿ ಚಕ್ಕಡಿಗಳ ಸದ್ದಿರುವುದಿಲ್ಲ. ಬೀದರ ಸೀಮೆಯ ಬಿಸಿಲುಂಡವರಿಗೆ ಆ ನೆರಳೇ ಪ್ರಸಾದ.

ಧಾರವಾಡ ದಾಟಿ, ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯ ದರ್ಶನವಾಯಿತು. ತೊಗಲು ಹದಮಾಡುವ ಕಾಯಕದ ಈ ಶರಣರು ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ಇಲ್ಲಿಯೇ ಲಿಂಗೈಕ್ಯರಾದರೆಂಬುದು ಪರಂಪರೆಯ ನಂಬಿಕೆ. ಹಿರಿಯರು ಮೊಮ್ಮಕ್ಕಳಿಗೆ ಇದನ್ನೆಲ್ಲ ವಿವರಿಸಿದರು. ವಿವರಣೆಯಲ್ಲಿ ಭಕ್ತಿಗೇನೂ ಕೊರತೆಯಿರಲಿಲ್ಲ.

ಬಳಿಕ ಮರದಡಿ ಚಾಪೆ ಹಾಸಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಲಾಯಿತು. ಚಾಲಕನ ಪಾಲನ್ನು ಸೊಸೆ ಕಾಗದದಲ್ಲಿ ಕಟ್ಟಿಕೊಟ್ಟಳು. ಅವನು ಜೀಪಿನ ಮಗ್ಗುಲಲ್ಲಿ ಒಬ್ಬನೇ ಕುಳಿತ. ಅವನ ಕುಲವನ್ನು ಹೊರಡುವಾಗಲೇ ವಿಚಾರಿಸಲಾಗಿತ್ತು, ವಿಚಾರಿಸಿದವರು ಹಿರಿಯರೇ.

"ಅಜ್ಜಾ, ಆ ಕಾಕಾ ಅಲ್ಲ್ಯಾಕ ಕುಂತಾರ?" ಎಂದಳು ಕಿರಿಯ ಮೊಮ್ಮಗಳು.

ಹಿರಿಯರು ಕೈಯ ತುತ್ತನ್ನು ತಟ್ಟೆಯಲ್ಲಿಟ್ಟು ಎದ್ದರು. "ಬಾರಪ್ಪಾ, ತಪ್ಪಾತು" ಎಂದು ಅವನ ಕೈಹಿಡಿದು ತಂದು ತಮ್ಮ ಬಲಕ್ಕೆ ಕೂಡಿಸಿಕೊಂಡರು. ಸೊಸೆ ಮರುಮಾತಿಲ್ಲದೆ ಇನ್ನೊಂದು ತಟ್ಟೆಯಿಟ್ಟಳು. ಹಳಿಯಾಳ, ದಾಂಡೇಲಿ ದಾಟಿ ಉಳವಿ ಮುಟ್ಟುವವರೆಗೂ ಹಿರಿಯರು ಮತ್ತೆ ಮಾತನಾಡಲಿಲ್ಲ.